ಅರವತ್ತರ ಲೆಕ್ಕ: ಚಾರಿಜಾರ್ಡ್ ಇಎಕ್ಸ್ ಡೆಕ್ ತಿದ್ದಿದ ಬಗೆ

ಪೋಕೆಮಾನ್ ಕಾರ್ಡ್ ಆಟದ ಸ್ಪರ್ಧೆಗೆ ಒಯ್ಯುವ ಡೆಕ್ (ಕಾರ್ಡುಗಳ ಕಟ್ಟು) ತಿದ್ದಲು ಕೂತಾಗ ಎಷ್ಟು ಆಟ ಗೆದ್ದೆ ಎಂಬುದನ್ನು ನಾನು ಮೊದಲು ನೋಡುವುದಿಲ್ಲ. ಸೋತ ಆಟದ ಕೊನೆಗೆ ಕೈಯಲ್ಲಿ ಉಳಿದ ಕಾರ್ಡುಗಳನ್ನು ನೋಡುತ್ತೇನೆ. ಆಡಲಾಗದೆ ಕೈಯಲ್ಲೇ ಕೊಳೆತದ್ದು ಯಾವುದು, ಬೇಕಾದಾಗ ಬಾರದೇ ಇದ್ದದ್ದು ಯಾವುದು, ಇವೆರಡನ್ನು ಆಟ ಮುಗಿದ ತಕ್ಷಣ ಬರೆದಿಡುತ್ತೇನೆ. ಈ ಆಟದಲ್ಲಿ ನಡುವೆ ಬದಲಿಸಿಕೊಳ್ಳಲು ಹೆಚ್ಚುವರಿ ಕಾರ್ಡುಗಳ ಸೈಡ್ ಡೆಕ್ ಇಲ್ಲ, ಇರುವುದು 60 ಕಾರ್ಡ್ ಮಾತ್ರ. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಲೇಬೇಕು.

2023ರ ಆಬ್ಸಿಡಿಯನ್ ಫ್ಲೇಮ್ಸ್ ಸೆಟ್ಟಿನ ಚಾರಿಜಾರ್ಡ್ ಇಎಕ್ಸನ್ನು, ಪಿಜಿಯಾಟ್ ಇಎಕ್ಸ್ ಜೊತೆಗಿಟ್ಟು ಕಟ್ಟುವ ಡೆಕ್ಕನ್ನೇ ನೋಡಿ. ಎರಡೂ ಸ್ಟೇಜ್ 2, ಅಂದರೆ ಬೇಸಿಕ್ ಪೋಕೆಮಾನಿನಿಂದ ಎರಡು ಹಂತ ಬೆಳೆದು (ಇವಾಲ್ವ್ ಆಗಿ) ಬರುವಂಥವು: ಚಾರ್ಮ್ಯಾಂಡರ್, ಚಾರ್ಮೀಲಿಯನ್, ಆಮೇಲೆ ಚಾರಿಜಾರ್ಡ್. ನಡುವಿನ ಹಂತ ಹಾರಿಸಲು ಎರಡಕ್ಕೂ ರೇರ್ ಕ್ಯಾಂಡಿ ಬೇಕು. ಹಾಗಾಗಿ ಕ್ಯಾಂಡಿ 4ಕ್ಕೆ ಕಡಿಮೆ ಇಡುವ ಮಾತೇ ಇಲ್ಲ. ಆದರೂ 60ರಲ್ಲಿ 4 ಇರುವ ಕಾರ್ಡ್ ಮೊದಲ 7ರಲ್ಲಿ ಬರುವ ಸಾಧ್ಯತೆ ಶೇ. 40 ಅಷ್ಟೇ. ಉಳಿದದ್ದನ್ನು ಆರ್ವೆನ್ ತುಂಬಬೇಕು. ಆ ಕಾರ್ಡ್ ಡೆಕ್ಕಿನಿಂದ ಒಂದು ಐಟಂ ಕಾರ್ಡ್ (ಕ್ಯಾಂಡಿ ಈ ಬಗೆಯದು), ಒಂದು ಟೂಲ್ ಕಾರ್ಡ್ ತಂದುಕೊಡುವುದರಿಂದ ಅದನ್ನೂ ಅರ್ಧ ಕ್ಯಾಂಡಿ ಎಂದೇ ಎಣಿಸುತ್ತೇನೆ. ಎದುರಾಳಿ ಐಟಂ ಆಡದಂತೆ ತಡೆದರೆ ದಾರಿ ಇರಲೆಂದು ಚಾರ್ಮೀಲಿಯನ್ ಒಂದಾದರೂ ಉಳಿಯಬೇಕು. ಜಾಗ ಸಾಲದೆಂದು ಅದನ್ನು ತೆಗೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಬೇಸಿಕ್ ಪೋಕೆಮಾನ್ ಎಣಿಕೆಯಲ್ಲಿ ಕಂಜೂಸಿ ಬೇಡ. 8 ಇದ್ದರೆ ಮೊದಲ ಕೈಯಲ್ಲಿ ಒಂದೂ ಬಾರದಿರುವ ಸಾಧ್ಯತೆ ಸುಮಾರು ಶೇ. 35, 10 ಇದ್ದರೆ ಶೇ. 26, 12 ಇದ್ದರೆ ಶೇ. 19. ಬೇಸಿಕ್ ಒಂದೂ ಇಲ್ಲದ ಕೈಯನ್ನು ಮತ್ತೆ ಕಲೆಸಿ ಎಳೆಯುವುದೇ ಮಲಿಗನ್. ಪ್ರತಿ ಮಲಿಗನ್‌ಗೂ ಎದುರಾಳಿ ಒಂದು ಹೆಚ್ಚುವರಿ ಕಾರ್ಡ್ ಎಳೆಯಬಹುದು.

ಅತಿ ಹೆಚ್ಚು ತಲೆ ತಿಂದದ್ದು ದಾಳಿಗೆ ಬೇಕಾದ ಫೈರ್ ಎನರ್ಜಿ ಕಾರ್ಡುಗಳ ಸಂಖ್ಯೆ. ಕೈಯಿಂದ ಇವಾಲ್ವ್ ಮಾಡಿದಾಗ ಚಾರಿಜಾರ್ಡ್ ಡೆಕ್ಕಿನಿಂದ 3 ಫೈರ್ ಎನರ್ಜಿವರೆಗೆ ಹುಡುಕಿ ಜೋಡಿಸುತ್ತದೆ. ದಾಳಿಗೆ 2 ಸಾಕು, ಮೂರನೆಯದು ಬೆಂಚಿನಲ್ಲಿ (ಹಿಂದಿನ ಸಾಲಿನಲ್ಲಿ) ಸರದಿ ಕಾಯುವ ಚಾರ್ಮ್ಯಾಂಡರ್‌ಗೆ. ಆದರೆ ಅದು ಹುಡುಕುವುದು ಡೆಕ್ಕಿನಲ್ಲಿ. ಕೈಗೆ ಬಂದ ಎನರ್ಜಿ ಅದರ ಲೆಕ್ಕಕ್ಕಿಲ್ಲ. 5 ಇಟ್ಟರೆ, ಒಂದು ಪ್ರೈಜಿನಲ್ಲಿ (ಆಟದ ಆರಂಭದಲ್ಲೇ ಮುಚ್ಚಿಟ್ಟು, ಎದುರಾಳಿಯ ಪೋಕೆಮಾನ್ ಸೋಲಿಸಿದಾಗ ತೆಗೆಯುವ 6 ಕಾರ್ಡುಗಳಲ್ಲಿ) ಸಿಕ್ಕಿಬಿದ್ದು ಎರಡು ಕೈಗೆ ಬಂದ ದಿನ ಮೊದಲ ಚಾರಿಜಾರ್ಡ್‌ಗೇ ಡೆಕ್ ಬರಿದು. 6ಕ್ಕೆ ನಿಂತೆ. ಜೊತೆಗೆ ಪ್ರೊಫೆಸರ್ಸ್ ರಿಸರ್ಚ್ ತೆಗೆದು ಐಯೋನೋ ಹೆಚ್ಚಿಸಿದೆ. ಎರಡೂ ಹೊಸ ಕೈ ಎಳೆಸುವ ಕಾರ್ಡುಗಳೇ: ರಿಸರ್ಚ್ ಹಳೆಯ ಕೈಯನ್ನೆಲ್ಲ ಡಿಸ್ಕಾರ್ಡಿಗೆ (ಬಿಸಾಡಿದ ರಾಶಿಗೆ) ಹಾಕುತ್ತದೆ, ಎನರ್ಜಿಯೂ ಹೋಗುತ್ತದೆ. ಐಯೋನೋ ಕೈಯನ್ನು ಕಲೆಸಿ ಡೆಕ್ಕಿನ ತಳಕ್ಕೆ ಸೇರಿಸುವುದರಿಂದ ಆ ಎನರ್ಜಿ ಮತ್ತೆ ಚಾರಿಜಾರ್ಡ್‌ನ ಕೈಗೆಟಕುತ್ತದೆ. ಐಯೋನೋ ಆಡಿದಾಗ ಇಬ್ಬರೂ ತಮಗೆ ಉಳಿದ ಪ್ರೈಜುಗಳಷ್ಟೇ ಕಾರ್ಡ್ ಎಳೆಯಬೇಕು. ಹಾಗಾಗಿ ಎದುರಾಳಿ ಪ್ರೈಜ್ ತೆಗೆದಷ್ಟೂ ಅವರ ಕೈ ಕಿರಿದಾಗುವುದು, ನಮ್ಮ ಹೊಡೆತ ಪ್ರೈಜಿಗೆ 30ರಂತೆ ಏರುವುದು ಒಟ್ಟಿಗೇ ನಡೆಯುತ್ತದೆ. ಅವರು 4 ತೆಗೆದಿದ್ದರೆ 180ರ ಹೊಡೆತ 300 ಆಗಿರುತ್ತದೆ, ಅವರು ಎಳೆಯುವುದು ಎರಡೇ ಕಾರ್ಡ್. ಈ ಡೆಕ್ಕಿನ ಜೀವ ಇರುವುದು ಇಲ್ಲೇ.

ಒಂಟಿ ಕಾರ್ಡುಗಳ ಬಗ್ಗೆ ಕಠಿಣವಾಗಿರಿ. ಒಂದೇ ಪ್ರತಿ ಇರುವ ಕಾರ್ಡ್ 6 ಪ್ರೈಜುಗಳಲ್ಲಿ ಸೇರಿಹೋಗುವ ಸಾಧ್ಯತೆ ಶೇ. 10. ಎರಡಿದ್ದರೆ ಎರಡೂ ಒಟ್ಟಿಗೆ ಹೋಗುವುದು ಶೇ. 1ಕ್ಕೂ ಕಡಿಮೆ. ಬಾಸಸ್ ಆರ್ಡರ್ಸ್‌ನಂಥ ಎದುರಾಳಿಯ ಬೆಂಚಿನ ಪೋಕೆಮಾನನ್ನು ಮುಂದೆ ಎಳೆದು ಆಟ ಮುಗಿಸುವ ಕಾರ್ಡಿಗೆ ಎರಡು ಜಾಗ ಕೊಡುವುದು ಇದೇ ಕಾರಣಕ್ಕೆ. ಮೊದಲ ಸಲ ಡೆಕ್ ತೆರೆದು ಹುಡುಕುವಾಗಲೇ ಪ್ರೈಜಿನಲ್ಲಿ ಏನಿದೆ ಎಂದು ಎಣಿಸಿಬಿಡಬೇಕು. ನನ್ನ ಕ್ರಮ ಸದಾ ಒಂದೇ: ಚಾರಿಜಾರ್ಡ್, ಪಿಜಿಯಾಟ್, ಕ್ಯಾಂಡಿ, ಎನರ್ಜಿ, ಆಮೇಲೆ ಒಂಟಿಗಳು. ಕ್ರಮ ಬದಲಾದರೆ ಎಣಿಕೆ ತಪ್ಪುತ್ತದೆ, ಸಮಯವೂ ಹಾಳು.

ಬದಲಾವಣೆ ಒಂದು ಸಲಕ್ಕೆ ಎರಡು ಕಾರ್ಡ್ ಮೀರಬಾರದು. ಐದು ಬದಲಿಸಿ ಗೆದ್ದರೆ ಯಾವುದು ಕೆಲಸ ಮಾಡಿತು ಎಂದು ಹೇಳಲಾಗದು. ಹೊಸ ಪಟ್ಟಿಯನ್ನು ಮೊದಲು ಒಬ್ಬರೇ ಪರೀಕ್ಷಿಸಿ: ಕಲೆಸಿ, 7 ಎಳೆದು, 6 ಪ್ರೈಜ್ ಇಟ್ಟು, ಎರಡು ಸರದಿ ಮಾತ್ರ ಆಡಿ ನಿಲ್ಲಿಸಿ. ಎರಡನೇ ಸರದಿಗೆ ಸ್ಟೇಜ್ 2 ಒಂದು ನಿಂತಿತೇ, ಇಲ್ಲವೇ ಎಂದಷ್ಟೇ ಗುರುತು ಹಾಕಿ. ಇಪ್ಪತ್ತು ಕೈಗಳಲ್ಲೇ ಒಂದು ಅಂದಾಜು ಸಿಗುತ್ತದೆ. ಅರ್ಧಕ್ಕಿಂತ ಹೆಚ್ಚು ಸಲ ನಿಲ್ಲದಿದ್ದರೆ ಹೊಸ ಪವರ್ ಕಾರ್ಡ್ ಹುಡುಕಬೇಡಿ. ಡೆಕ್ಕಿನಿಂದ ಪೋಕೆಮಾನ್ ಹುಡುಕಿಕೊಡುವ ಬಡ್ಡಿ-ಬಡ್ಡಿ ಪಾಫಿನ್, ನೆಸ್ಟ್ ಬಾಲ್, ಅಲ್ಟ್ರಾ ಬಾಲ್‌ಗಳ ಪ್ರಮಾಣವನ್ನು ಮೊದಲು ಸರಿಪಡಿಸಿ.