ಐದನೇ ಮಾತು

ಡಯಾಲಿಸಿಸ್ ಶುರುವಾಗಿ ಈ ಈಸ್ಟರ್‌ಗೆ 3 ವರ್ಷ ಆಯ್ತು. ವಾರಕ್ಕೆ ಮೂರು ಸಲ, ಒಂದೊಂದ್ ಸಲಕ್ಕೂ 4 ಗಂಟೆ. ಸೂಜಿ ಬಿಡಿ, ಅಭ್ಯಾಸ ಆಗೋಗತ್ತೆ, ಕಷ್ಟ ಅಂದ್ರೆ ನೀರು. ಕಿಡ್ನಿ ಕೆಲಸ ಮಾಡಲ್ವಲ್ಲ, ಕುಡಿದಿದ್ದು ಮೈಯಲ್ಲೇ ಉಳಿಯತ್ತೆ, ಅದಕ್ಕೇ ನಂಗೆ ಡಾಕ್ಟ್ರು ದಿನಕ್ಕೆ ಮುಕ್ಕಾಲು ಲೀಟರ್ ಅಷ್ಟೇ ಅಂದಿದಾರೆ, ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗೋ ನೀರು ಎಲ್ಲಾ ಅದ್ರಲ್ಲೇ. ನಮ್ಮನೆಯವಳು ಕುಡಿಯೋ ನೀರನ್ನ ಬೆಳಿಗ್ಗೆನೇ ಒಂದ್ ಬಾಟಲಿಗೆ ಅಳೆದು ಇಡ್ತಾಳೆ, ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನಕ್ಕೇ ಖಾಲಿ.

ಮೊದಲೆರಡು ವರ್ಷ ನಂದು ಒಂದೇ ಪ್ರಾರ್ಥನೆ, ವಾಸಿ ಮಾಡು ಕರ್ತನೇ ಅಂತ. ಉಪವಾಸ ಕೂಟಕ್ಕೂ ಹೋದೆ (ನನ್ನಂಥವ್ನಿಗೆ ಉಪವಾಸ ಬೇರೆ ಕೇಡು!). ಒಬ್ರು ಅಂಕಲ್ ಮನೆಗೇ ಬಂದು, ಒಪ್ಪಿಕೊಳ್ಳದೇ ಇರೋ ಪಾಪ ಏನೋ ಇರ್ಬೇಕು ನೋಡ್ಕೊಳಪ್ಪ ಅಂದ್ರು. ಆವತ್ತು ರಾತ್ರಿ ನಿದ್ದೆ ಇಲ್ಲ, ಎದ್ದು ಬೈಬಲ್‌ನಲ್ಲಿ ಯೋಹಾನ 9 ತೆಗೆದ್ರೆ ಅಲ್ಲಿ ಶಿಷ್ಯರೂ ಹುಟ್ಟುಕುರುಡನ್ನ ನೋಡಿ ಇದನ್ನೇ ಕೇಳ್ತಿದಾರೆ, ಪಾಪ ಮಾಡಿದ್ದು ಇವನಾ ಇವನ ಅಪ್ಪ ಅಮ್ಮನಾ ಅಂತ. ಯಾರೂ ಅಲ್ಲ ಅಂತಾರೆ ಯೇಸುಸ್ವಾಮಿ. ಅಂಕಲ್‌ಗೆ ವಾಟ್ಸಾಪ್ ಮಾಡೋಣ ಅನ್ಕೊಂಡೆ, ಮಾಡ್ಲಿಲ್ಲ.

ಹೋದ್ ವರ್ಷದ ಶುಭ ಶುಕ್ರವಾರ. ನಮ್ ಚರ್ಚಲ್ಲಿ 12ರಿಂದ 3ರ ತನಕ ಯೇಸುಸ್ವಾಮಿ ಶಿಲುಬೆ ಮೇಲೆ ಆಡಿದ ಏಳು ಮಾತುಗಳ ಆರಾಧನೆ, ಚಿಕ್ಕೋನಿದ್ದಾಗಿಂದ ಕೇಳಿರೋದೇ, ನಿಜ ಹೇಳ್ಬೇಕಂದ್ರೆ ಐದನೇ ಮಾತು ಬರೋ ಹೊತ್ತಿಗೆ ತೂಕಡಿಸೋ ಗಿರಾಕಿ ನಾನು. ಆವತ್ತು ಬಾಟಲಿ ಖಾಲಿ ಆಗೋಗಿತ್ತು, ನಾಲಿಗೆ ಅಂಗಳಕ್ಕೆ ಅಂಟ್ಕೊಂಡು ಮಾತೂ ಬರ್ತಿರ್ಲಿಲ್ಲ, ಅಷ್ಟೊತ್ತಿಗೆ ಅಯ್ಯನೋರು ಓದಿದ್ರು, ನನಗೆ ನೀರಡಿಕೆಯಾಗಿದೆ. ಆಮೇಲಿನ ಪ್ರಸಂಗ ಒಂದಕ್ಷರ ಕೇಳಿಸ್ಲಿಲ್ಲ ನಂಗೆ. ದೇವರ ಮಗನಿಗೂ ಬಾಯಿ ಒಣಗಿತ್ತು, ಅದನ್ನ ಮುಚ್ಚಿಡದೆ ಎಲ್ಲರ ಮುಂದೆ ಹೇಳಿದ್ರಲ್ಲ ಅಂತ ಅಷ್ಟೇ ತಲೇಲಿ.

ಅಲ್ಲಿಂದ ನೀರಡಿಕೆ ಆದಾಗ "ಕರ್ತನೇ, ನೀರಡಿಕೆ" ಅಂತೀನಿ, ಅದೇ ಪ್ರಾರ್ಥನೆ. ವಾಸಿ ಮಾಡು ಅನ್ನೋದನ್ನೂ ಬಿಟ್ಟಿಲ್ಲ, ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿನೂ ಈ ಕಷ್ಟದ ಪಾತ್ರೆ ಬೇಡ ಅಂತ ಕೇಳಿದ್ದೇ ಅಲ್ವಾ. ಮೆಷಿನ್ ಮೇಲೆ ಮಲಗಿದಾಗ ಫೋನಲ್ಲಿ ಬೈಬಲಿನ 88ನೇ ಕೀರ್ತನೆ ಓದ್ತೀನಿ, ಅದು ಕತ್ತಲಲ್ಲೇ ಮುಗಿಯತ್ತೆ, ಕೊನೇಗೊಂದು ಸ್ತೋತ್ರನೂ ಇಲ್ಲ, ಕೆಲವು ದಿನಕ್ಕೆ ಅದೇ ಸರಿ. ಕೂಟದಲ್ಲಿ ಈ ಕಾಯಿಲೆಗೋಸ್ಕರ ಸ್ತೋತ್ರ ಅಂತ ಸಾಕ್ಷಿ ಹೇಳಿ ಬ್ರದರ್ ಅಂದ್ರು. ಕಾಯಿಲೆಗೆ ಹೇಳಲ್ಲ, ಬೇಕಾದ್ರೆ ನೀರಡಿಕೆ ಬಗ್ಗೆ ಹೇಳ್ತೀನಿ ಅಂದೆ, ಸುಮ್ನಾದ್ರು.

ಇವತ್ತು ಬಾಟಲೀಲಿ ಇನ್ನೂ ಎರಡು ಗುಟುಕಿದೆ, ರಾತ್ರಿ ಮಾತ್ರೆಗೆ ಇಟ್ಕೊಂಡಿದೀನಿ.