ಮಗುವಿನ ಗೇಣು, ಮಗುವಿನ ಮೊಳ: ಮಕ್ಕಳೊಂದಿಗೆ ಹಿತ್ತಲಿನ ಕಾಯಿಪಲ್ಯ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹಿತ್ತಲಿನಲ್ಲಿ ಕಾಯಿಪಲ್ಯ ಬೆಳೆಯಹೊರಟವರು ಮೊದಲು ಮಾಡುವ ತಪ್ಪೆಂದರೆ ತೋಟವನ್ನು ತಮ್ಮ ಅಳತೆಗೆ ಹಾಕಿಕೊಳ್ಳುವುದು. ನಾಲ್ಕು ಅಡಿ ಅಗಲದ ಮಡಿಯ ನಡುವನ್ನು ಮುಟ್ಟಬೇಕಾದರೆ ಐದು ವರ್ಷದ ಮಗು ಮಡಿಯೊಳಗೇ ಕಾಲಿಡಬೇಕಾಗುತ್ತದೆ. ಕಾಲಿಟ್ಟರೆ ಮೊಳಕೆ ತುಳಿದುಹೋಗುತ್ತದೆ, ದೊಡ್ಡವರು ಗದರುತ್ತಾರೆ, ಮೂರನೆಯ ದಿನದಿಂದ ಮಗು ಹಿತ್ತಲಿಗೆ ಬರುವುದನ್ನೇ ಬಿಡುತ್ತದೆ. ಆದ್ದರಿಂದ ಅಳತೆಯ ಪಟ್ಟಿಯನ್ನು ಒಳಗಿಟ್ಟು, ಮಡಿಯಾಗಬೇಕಾದ ಜಾಗದ ಅಂಚಿಗೆ ಮಗುವನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ಕೈ ಚಾಚಲು ಹೇಳಿ, ಬೆರಳ ತುದಿ ಎಲ್ಲಿಗೆ ಎಟಕುತ್ತದೆಯೋ ಅಲ್ಲೊಂದು ಗೂಟ ನೆಡಬೇಕು. ಆ ದೂರದ ಎರಡರಷ್ಟೇ ಮಡಿಯ ಅಗಲ. ನಾಲ್ಕೈದು ವರ್ಷದವರಿಗೆ ಇದು ಎರಡೂವರೆಯಿಂದ ಮೂರು ಅಡಿ ಬರುತ್ತದೆ; ಉದ್ದ ಆರು ಅಡಿ ಸಾಕು. ಮೊದಲ ವರ್ಷ ಮಗುವಿಗೊಂದರಂತೆ ಇಷ್ಟೇ ಇರಲಿ. ಇಬ್ಬರು ಮಕ್ಕಳಿಗೆ ಒಂದೇ ಮಡಿಯನ್ನು ಪಾಲು ಮಾಡಿಕೊಟ್ಟರೆ ಗಡಿ ತಂಟೆ ಬಿಡಿಸುವುದರಲ್ಲೇ ನಿಮ್ಮ ಹೊತ್ತು ಹೋಗುತ್ತದೆ.

ಜಾಗಕ್ಕೆ ದಿನಕ್ಕೆ ಆರು ತಾಸಿನಷ್ಟಾದರೂ ಬಿಸಿಲು ಬೀಳಬೇಕು ಮತ್ತು ಅದು ಅಡುಗೆಮನೆಯ ಬಾಗಿಲಿನಿಂದ ಕಾಣುವಂತಿರಬೇಕು. ಕಾಣದ ಮೂಲೆಯ ತೋಟವನ್ನು ಮಕ್ಕಳಿಗಿಂತ ಮೊದಲು ದೊಡ್ಡವರೇ ಮರೆಯುತ್ತಾರೆ.

ಮಣ್ಣಿನ ವಿಷಯದಲ್ಲಿ ಅವಸರ ಸಲ್ಲದು. ಗದಗ, ನವಲಗುಂದ ಹಾಗೂ ಹುಬ್ಬಳ್ಳಿಯ ಪೂರ್ವದ ಕಡೆ ಹೆಚ್ಚಾಗಿ ಎರೆ ಮಣ್ಣಿದ್ದರೆ, ಧಾರವಾಡದ ಪಶ್ಚಿಮಕ್ಕೆ ಹೋದಂತೆ ಮಸಾರಿ ಸಿಗುತ್ತದೆ. ಹೊಸ ಬಡಾವಣೆಗಳಲ್ಲಿ ಎರಡೂ ಅಲ್ಲದೆ ಮನೆ ಕಟ್ಟಿದಾಗ ಉಳಿದ ಸಿಮೆಂಟು, ಇಟ್ಟಿಗೆ ಚೂರುಗಳೇ ಒಂದು ಅಡಿ ಆಳದವರೆಗೆ ತುಂಬಿರುವುದೂ ಉಂಟು. ನಿಮ್ಮದು ಯಾವುದೆಂದು ಮಕ್ಕಳಿಂದಲೇ ಪರೀಕ್ಷೆ ಮಾಡಿಸಬಹುದು. ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡಿ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡಿ ಅಭ್ಯಾಸವಿರುವ ಕೈಗಳಿಗೆ ಇದು ಆಟವೇ ಸರಿ. ಒಂದು ಮುಷ್ಟಿ ಮಣ್ಣನ್ನು ನೀರು ಹಾಕಿ ಕಲಸಿ, ಅಂಗೈಗಳ ನಡುವೆ ಹೊಸೆಯಲಿ. ಅದು ದಾರದಂತೆ ಸಣ್ಣಗಾಗಿ, ಬಳೆಯಂತೆ ಬಾಗಿಸಿದರೂ ತುಂಡಾಗದಿದ್ದರೆ ಜೇಡಿಯ ಅಂಶ ಹೆಚ್ಚಿರುವ ಎರೆ. ಹೊಸೆಯುವಾಗಲೇ ಪುಡಿಯಾದರೆ ಮರಳಿನ ಅಂಶ ಹೆಚ್ಚಿರುವ ಮಸಾರಿ.

ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಬಸಿದು ಹೋಗಲು ಬಿಡುವುದಿಲ್ಲ. ಹಸಿಯಿದ್ದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ. ಹೀಗಾಗಿ ಎರೆಯಲ್ಲಿ ಮಡಿಯನ್ನು ದೊಡ್ಡವರ ಒಂದು ಗೇಣಿನಷ್ಟು ಎತ್ತರಿಸಿ, ಸುತ್ತಲೂ ನೀರು ಹರಿದುಹೋಗಲು ಸಣ್ಣ ಕಾಲುವೆ ತೆಗೆಯಬೇಕು. ಮರಳು ಬೆರೆಸಿದರೆ ಸಡಿಲವಾಗುತ್ತದೆಂದು ಹಲವರು ಒಂದೆರಡು ಬುಟ್ಟಿ ತಂದು ಸುರಿಯುತ್ತಾರೆ. ಅಷ್ಟರಿಂದ ಏನೂ ಆಗದು. ಆ ದುಡ್ಡನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಹಾಕುವುದು ಲೇಸು. ಇಂಥ ಒಂದು ಮಡಿಗೆ ಎರಡು ಬುಟ್ಟಿ ಗೊಬ್ಬರ ಸಾಲುತ್ತದೆ. ಹಸಿ ಸಗಣಿಯನ್ನು ಮಾತ್ರ ಹಾಕಬಾರದು: ಅದರ ಕಾವಿಗೆ ಎಳೆಯ ಬೇರು ಸುಡುತ್ತದೆ, ಗೊಣ್ಣೆ ಹುಳುವೂ ಬರುತ್ತದೆ. ಅಗೆಯುವುದಕ್ಕೆ ಹದ ನೋಡಬೇಕು. ಮಗು ಮಣ್ಣಿನ ಉಂಡೆ ಕಟ್ಟಿ ತನ್ನ ಸೊಂಟದ ಎತ್ತರದಿಂದ ಕೆಳಗೆ ಬಿಡಲಿ. ಉಂಡೆ ಒಡೆದು ಚದುರಿದರೆ ಹದವಾಗಿದೆ, ಚಪ್ಪಟೆಯಾಗಿ ಅಂಟಿ ಕೂತರೆ ಇನ್ನೂ ಎರಡು ದಿನ ಕಾಯಬೇಕು. ಹಸಿ ಎರೆಯನ್ನು ಅಗೆದರೆ ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಗಳನ್ನು ಒಡೆಯುತ್ತ ಕೂರಬೇಕಾಗುತ್ತದೆ.

ಮುಂಗಾರು ಬಿದ್ದ ಕೂಡಲೇ ಬಿತ್ತಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಗದುಗಿನ ನಮ್ಮ ಹಿತ್ತಲಿನಲ್ಲಿ ನಾವೂ ಮೊದಲ ಸಲ ಜೂನ್‌ನಲ್ಲೇ ಮೆಂತ್ಯೆ ಬಿತ್ತಿದ್ದೆವು. ನಾಲ್ಕು ದಿನ ಹಿಡಿದು ಕೂತ ಮಳೆಗೆ ಎರೆಯಲ್ಲಿ ಅದು ಬುಡಸಮೇತ ಕೊಳೆತುಹೋಗಿ, ಮಕ್ಕಳಿಗೆ ತೋರಿಸಲು ಏನೂ ಉಳಿಯಲಿಲ್ಲ. ಅಂದಿನಿಂದ ನನ್ನ ಅಭಿಪ್ರಾಯ ಒಂದೇ. ಮಕ್ಕಳ ತೋಟಕ್ಕೆ ಹಿಂಗಾರಿನ ಅಕ್ಟೋಬರ್ ತಿಂಗಳೇ ಸರಿಯಾದ ಕಾಲ. ಮಳೆ ಹಿಂದೆ ಸರಿಯುತ್ತಿರುತ್ತದೆ, ಮುಂದಿನ ಮೂರು ತಿಂಗಳ ತಂಪಿಗೆ ತಪ್ಪಲುಪಲ್ಯಗಳು ಚೆನ್ನಾಗಿ ಬರುತ್ತವೆ, ದಸರೆಯ ರಜೆಯಲ್ಲಿ ಮಕ್ಕಳೂ ಮನೆಯಲ್ಲಿರುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುವುದರಿಂದ, ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಬೀಜದ ಖರೀದಿಯೂ ಆಗುತ್ತದೆ.

ಆದರೂ ಮೊಟ್ಟಮೊದಲ ಬೀಜ ಅಡುಗೆಮನೆಯ ಡಬ್ಬಿಯಿಂದಲೇ ಬರಲಿ. ಒಗ್ಗರಣೆಗೆ ಇಟ್ಟ ಮೆಂತ್ಯೆಕಾಳು ನೆಲಕ್ಕೆ ಬಿದ್ದ ಮೂರು ನಾಲ್ಕು ದಿನಕ್ಕೆ ತಲೆಯೆತ್ತುವುದನ್ನು ನೋಡಿದ ಮಗುವಿಗೆ ಬೀಜ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ತಿಂಗಳೊಳಗೆ ಪಲ್ಯಕ್ಕೂ ಬರುತ್ತದೆ. ಮೂಲಂಗಿಯೂ ಮೆಂತ್ಯೆಯಷ್ಟೇ ಬೇಗ ಮೊಳೆತು, ನಲವತ್ತು ನಲವತ್ತೈದು ದಿನಗಳಲ್ಲಿ ಕೀಳಲು ಸಿದ್ಧವಾಗುತ್ತದೆ. ರಾಜಗಿರಿಯ ಬೀಜ ಸಾಸಿವೆಗಿಂತ ಸಣ್ಣದಾದ್ದರಿಂದ ಅದನ್ನು ನಾಲ್ಕು ಹಿಡಿ ಸಣ್ಣ ಮರಳಿನಲ್ಲಿ ಬೆರೆಸಿ ಮಗುವಿನ ಕೈಗೆ ಕೊಟ್ಟರೆ ಒಂದೇ ಕಡೆ ಗುಪ್ಪೆಯಾಗಿ ಬೀಳುವುದಿಲ್ಲ. ದಪ್ಪ ಬೀಜ ಬೇಕೆನ್ನುವ ಸಣ್ಣವರಿಗೆ ಬೆಂಡೆ ಮತ್ತು ಅಲಸಂದಿ ಹೇಳಿ ಮಾಡಿಸಿದವು. ಬೆಂಡೆಯನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬಿತ್ತಬೇಕು. ತಳಿ ಆರಿಸುವುದಾದರೆ, ಹಳದಿ ನಾಳ ರೋಗವನ್ನು ತಡೆಯಲೆಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಅನಾಮಿಕಾ ಒಳ್ಳೆಯದು. ಮುಳಗಾಯಿ ಬೇಕೆಂದರೆ ಅಗಿಯನ್ನೇ ತಂದು ಎರಡು ಗಿಡ ನೆಡಿ. ಕೋತಂಬರಿ ಮೊಳೆಯಲು ಎಂಟು ಹತ್ತು ದಿನ ಹಿಡಿಯುವುದರಿಂದ ಅದು ಎರಡನೆಯ ಸರತಿಗೆ ಇರಲಿ. ಬ್ಯಾಡಗಿಯ ನಾಡಿನಲ್ಲಿ ಕೂತು ಮೆಣಸಿನಗಿಡ ಬೇಡ ಎನ್ನುವುದು ವಿಚಿತ್ರವೆನಿಸಬಹುದು. ಆದರೆ ಕಾಯಿ ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಳ್ಳುವ ವಯಸ್ಸು ದಾಟುವವರೆಗೆ ಅದು ಮಗುವಿನ ಮಡಿಯಲ್ಲಿ ಇರದಿರುವುದೇ ಕ್ಷೇಮ.

ಅಂಗಡಿಯ ಪೊಟ್ಟಣದೊಳಗಿನ ಬೀಜ ಗುಲಾಬಿ, ನೀಲಿ ಅಥವಾ ಬೇರೆ ಯಾವುದಾದರೂ ಢಾಳಾದ ಬಣ್ಣದ್ದಾಗಿದ್ದರೆ ಅದಕ್ಕೆ ವಿಷಕಾರಿ ಔಷಧ ಲೇಪಿಸಿದೆ ಎಂದು ತಿಳಿಯಬೇಕು. ಸಣ್ಣ ಮಕ್ಕಳಿಗೆ ಅದು ಪೆಪ್ಪರಮಿಂಟಿನಂತೆ ಕಾಣುತ್ತದೆ. ಅಂಥದನ್ನು ಅವರ ಕೈಗೆ ಕೊಡಲೇಬಾರದು. ಲೇಪನವಿಲ್ಲದ ಬೀಜವನ್ನೇ ಕೇಳಿ ತನ್ನಿ.

ಬಿತ್ತುವಾಗ ಮತ್ತೆ ಮಗುವಿನ ಕೈಯೇ ಅಳತೆಗೋಲು. ಮೆಂತ್ಯೆ, ಮೂಲಂಗಿಗೆ ಉಗುರು ಮುಳುಗುವಷ್ಟು ಆಳ; ಬೆಂಡೆ, ಅಲಸಂದಿಗೆ ತೋರುಬೆರಳಿನ ಮೊದಲ ಗಿಣ್ಣಿನವರೆಗೆ. ಮೂಲಂಗಿಯ ಬೀಜಗಳ ನಡುವೆ ಅರ್ಧ ಗೇಣು, ಬೆಂಡೆಯ ಬೀಜಗಳ ನಡುವೆ ಎರಡು ಗೇಣು, ಬೆಂಡೆಯ ಸಾಲುಗಳ ನಡುವೆ ಒಂದೂವರೆ ಮೊಳ. ಎಲ್ಲವೂ ಮಗುವಿನವೇ. ಐದು ವರ್ಷದವರ ಗೇಣು ಐದು ಅಂಗುಲದ ಆಸುಪಾಸು ಇರುವುದರಿಂದ ಬೆಳೆಗೆ ಬೇಕಾದ ಅಂತರಕ್ಕೆ ಇದು ಸರಿಯಾಗಿ ಕೂಡುತ್ತದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಎತ್ತರವಾಗುವ ಬೆಂಡೆ, ಮುಳಗಾಯಿಗಳನ್ನು ಮಡಿಯ ಉತ್ತರದ ತುದಿಗೆ ಹಾಕಿದರೆ ಉಳಿದವುಗಳ ಮೇಲೆ ನೆರಳು ಬೀಳದು. ಗುಬ್ಬಿಗಳು ಮೊಳಕೆ ಕುಕ್ಕದಂತೆ ಮೊದಲ ವಾರ ಹಳೆಯ ತೆಳು ಸೀರೆಯೊಂದನ್ನು ಗೂಟಗಳ ಮೇಲೆ ಹರವಿಡಬೇಕು.

ದಿನ ಬಿಟ್ಟು ದಿನವೂ ನಳ ಬಾರದ ಓಣಿಗಳು ನಮ್ಮ ಊರುಗಳಲ್ಲಿ ಬಹಳ ಇರುವುದರಿಂದ ನೀರಿನ ಲೆಕ್ಕ ಮೊದಲೇ ಗೊತ್ತಿರಬೇಕು. ಮೂರು ಅಡಿಗೆ ಆರು ಅಡಿಯ ಮಡಿಗೆ ಬಿಸಿಲಿನ ದಿನ ಎಂಟರಿಂದ ಒಂಬತ್ತು ಲೀಟರ್ ಬೇಕಾಗುತ್ತದೆ, ಎಂದರೆ ಲೀಟರಿನ ತಂಬಿಗೆಯಲ್ಲಿ ಎಂಟೊಂಬತ್ತು ಸಲ. ಚಳಿ ಬಿದ್ದ ಮೇಲೆ ಅದರಲ್ಲಿ ಅರ್ಧ ಸಾಕು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರೇ ಇದರ ಬಹುಪಾಲನ್ನು ತುಂಬುತ್ತದೆ, ಆದರೆ ಸಾಬೂನು ನೀರು ತಪ್ಪಲುಪಲ್ಯಕ್ಕೆ ಬೇಡ. ತಂಬಿಗೆಯಿಂದ ಸುರಿದರೆ ಬೀಜ ಕೊಚ್ಚಿಹೋಗುವುದರಿಂದ, ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ಹತ್ತು ತೂತು ಹಾಕಿಕೊಡಿ. ಹನಿಸುವ ಮೊದಲು ಮಗು ಬೆರಳನ್ನು ಎರಡನೆಯ ಗಿಣ್ಣಿನವರೆಗೆ ಮಣ್ಣಿಗೆ ಊರಿ ನೋಡಲಿ. ತಂಪಿದ್ದರೆ ಅಂದು ನೀರು ಬೇಡ. ಎರೆಯಲ್ಲಿ ಗಿಡ ಸಾಯುವುದು ನೀರಿಲ್ಲದೆ ಅಲ್ಲ, ಅತಿಪ್ರೀತಿಯಿಂದ ಹಾಕಿದ ನೀರಿನಿಂದಲೇ ಹೆಚ್ಚು. ಸಸಿಗಳು ನಾಲ್ಕಂಗುಲ ಬೆಳೆದ ಮೇಲೆ ಬುಡಕ್ಕೆ ಶೇಂಗಾ ಹೊಟ್ಟು ಹರವಿದರೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆ.

ಹುಳಗಳನ್ನು ಕಂಡ ಕೂಡಲೇ ಔಷಧಕ್ಕೆ ಓಡಬೇಕಾಗಿಲ್ಲ. ಅಲಸಂದಿಯ ಕುಡಿಗೆ ಹತ್ತುವ ಕರಿ ಹೇನನ್ನು ನೀರಿನ ರಭಸಕ್ಕೇ ತೊಳೆಯಬಹುದು. ಹೋಗದಿದ್ದರೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಚೂರು ಸಾಬೂನು ಬೆರೆಸಿ ದೊಡ್ಡವರು ಸಂಜೆ ಸಿಂಪಡಿಸಲಿ. ಕರಿಬೇವಿನ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳಗಳಿದ್ದರೆ ಒಂದೆರಡನ್ನು ಹಾಗೇ ಬಿಡಿ. ಅವು ಹಸಿರಾಗಿ, ಕೋಶ ಕಟ್ಟಿ, ಚಿಟ್ಟೆಯಾಗುವುದನ್ನು ನೋಡಲು ಮಕ್ಕಳು ಕರೆಯದೆಯೇ ಎದ್ದು ಬರುತ್ತಾರೆ.

ಕಾಪಾಡಿಕೊಳ್ಳಬೇಕಾದ ಸಂಗತಿಗಳೂ ಇವೆ. ಬೇಲಿಯ ಕಣಗಿಲೆ, ತಾನೇ ಹುಟ್ಟುವ ಮದಗುಣಕಿ ಎರಡೂ ವಿಷ. ಮದಗುಣಕಿಯನ್ನು ಕಿತ್ತುಹಾಕಿ, ಕಣಗಿಲೆಯನ್ನು ಮಕ್ಕಳಿಗೆ ಗುರುತಿಸಿ ಹೇಳಿಕೊಡಬೇಕು. ಕಲ್ಲು, ಇಟ್ಟಿಗೆಗಳ ಸಂದಿನಲ್ಲಿ ಚೇಳಿರುತ್ತದೆ, ಅವನ್ನು ಎತ್ತುವುದು ದೊಡ್ಡವರ ಕೆಲಸ. ನೀರಿನ ಡ್ರಮ್ಮಿಗೆ ಬಿಗಿ ಮುಚ್ಚಳ ಇರಲೇಬೇಕು, ಸೊಳ್ಳೆಗಾಗಿಯೂ ಮಗುವಿಗಾಗಿಯೂ. ಮಣ್ಣು ಸೇರಿದ ಗಾಯದಿಂದ ಬರಬಹುದಾದ ಧನುರ್ವಾಯುವನ್ನೂ ತಡೆಯುವ, ಐದು ವರ್ಷಕ್ಕೆ ಹಾಕಿಸಬೇಕಾದ ಡಿಪಿಟಿ ಲಸಿಕೆ ಆಗಿದೆಯೇ ಎಂದು ಕಾರ್ಡ್ ತೆಗೆದು ನೋಡಿ. ಬೆಂಡೆಯ ಸುಂಕು ಮೈ ಕೆರೆಸುತ್ತದೆಯಾದ್ದರಿಂದ ಕಾಯಿ ಕೀಳುವಾಗ ತುಂಬುತೋಳಿನ ಅಂಗಿ ಹಾಕಿಸಿ.

ಮಗು ಬಿತ್ತಿದ ಸಾಲು ಸೊಟ್ಟಗಿದ್ದರೆ ಅದು ನಿದ್ದೆಹೋದ ಮೇಲೆ ಸರಿಪಡಿಸಬೇಡಿ, ಬೆಳಿಗ್ಗೆ ಅದಕ್ಕೆ ಗೊತ್ತಾಗುತ್ತದೆ. ನಮ್ಮ ಕಿರಿಯವನು ಗಡ್ಡೆ ಎಷ್ಟು ಬಂದಿದೆಯೆಂದು ದಿನಕ್ಕೊಂದು ಮೂಲಂಗಿ ಕಿತ್ತು ನೋಡಿ ಮತ್ತೆ ಹುಗಿಯುತ್ತಿದ್ದ. ಬೈಯುವುದರ ಬದಲು ಮಡಿಯ ಮೂಲೆಯಲ್ಲಿ ಹತ್ತು ಬೀಜ ಹೆಚ್ಚಿಗೆ ಹಾಕಿ, ಅವು ಕೀಳುವುದಕ್ಕೇ ಇರುವವು ಎಂದು ಬಿಟ್ಟುಕೊಟ್ಟ ಮೇಲೆ ಉಳಿದ ಸಾಲು ಬದುಕಿತು.

ಅಕ್ಟೋಬರ್ ಮೊದಲ ವಾರದಲ್ಲಿ ಶುರು ಮಾಡಿದರೆ ಎಳ್ಳಮಾವಾಸ್ಯೆಯ ಹೊತ್ತಿಗೆ ಮುಳಗಾಯಿ ಎಣ್ಣೆಗಾಯಿಗೆ ಬಂದಿರುತ್ತದೆ, ಹೊಲವಿಲ್ಲದ ಮನೆಯ ಮಕ್ಕಳೂ ತಮ್ಮ ಮಡಿಗೆ ಚರಗ ಚೆಲ್ಲಬಹುದು. ಬೆಂಡೆಯ ಒಂದು ಒಳ್ಳೆಯ ಗಿಡದಲ್ಲಿ ನಾಲ್ಕು ಕಾಯಿಗಳನ್ನು ಗಿಡದ ಮೇಲೇ ಒಣಗಲು ಬಿಟ್ಟು ಬೀಜ ತೆಗೆದಿಡಿ. ರಾಣೆಬೆನ್ನೂರಿನ ಸುತ್ತ ಹೆಸರಾಗಿರುವ ಹೈಬ್ರಿಡ್ ಬೀಜದಿಂದ ಬೆಳೆದ ಗಿಡಗಳಲ್ಲಿ ಇದು ನಡೆಯದು, ಮುಂದಿನ ಪೀಳಿಗೆ ತಾಯಿಯಂತೆ ಬರುವುದಿಲ್ಲ. ಜವಾರಿ ಮತ್ತು ಅರ್ಕಾ ಅನಾಮಿಕಾದಂಥ ತಳಿಗಳಲ್ಲಿ ನಡೆಯುತ್ತದೆ. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ, ಅದರ ಮೇಲೆ ಬೀಜದ ಹೆಸರನ್ನೂ ತಿಂಗಳನ್ನೂ ಬರೆದು, ಮಗುವಿನ ಗೇಣನ್ನು ಪೆನ್ಸಿಲಿನಿಂದ ಗುರುತು ಮಾಡಿಡಿ. ಮುಂದಿನ ಅಕ್ಟೋಬರ್‌ನಲ್ಲಿ ಆ ಗೇಣು ಬೆಳೆದಿರುತ್ತದೆ. ಗೂಟಗಳನ್ನು ಹೊಸದಾಗಿ ಅಳೆದು ನೆಡಬೇಕಾಗುತ್ತದೆ.