ಗರ್ಭಕೋಶದ ಒಳಪದರದ ಕ್ಯಾನ್ಸರ್: ಚಿಕಿತ್ಸೆಯನ್ನು ನಿರ್ಧರಿಸುವುದು ಹೇಗೆ

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಸಲ, ಬಟ್ಟೆಗೆ ಕಲೆಯಾಗುವಷ್ಟು ರಕ್ತ ಕಂಡರೂ ಅದನ್ನು ಕಡೆಗಣಿಸಬಾರದು. ಹಾಗೆ ರಕ್ತ ಕಂಡ 10 ಮಂದಿಯಲ್ಲಿ ಸುಮಾರು 9 ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಮುಟ್ಟು ನಿಂತ ನಂತರ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದವರಲ್ಲಿ ಸುಮಾರು 90 ಪ್ರತಿಶತ ಮಂದಿಗೆ ಈ ರಕ್ತಸ್ರಾವ ಕಾಣಿಸಿಕೊಂಡಿರುತ್ತದೆ. ಸೂಚನೆ ಇಷ್ಟು ಬೇಗ ಸಿಗುವುದರಿಂದಲೇ ಹೆಚ್ಚಿನವರಲ್ಲಿ ರೋಗ ಗರ್ಭಕೋಶವನ್ನು ದಾಟುವ ಮೊದಲೇ ಪತ್ತೆಯಾಗುತ್ತದೆ, ಹೆಚ್ಚಿನವರು ಗುಣವೂ ಆಗುತ್ತಾರೆ. ಮುಟ್ಟು ನಿಲ್ಲದವರಲ್ಲಿ ತಿಂಗಳ ನಡುವೆ ಬರುವ ಅಥವಾ ವಾರಗಟ್ಟಲೆ ನಿಲ್ಲದ ಸ್ರಾವಕ್ಕೂ ಇದೇ ಗಮನ ಬೇಕು. ಬೊಜ್ಜು, ಮಧುಮೇಹ, ಪಿಸಿಓಎಸ್ (ಹಾರ್ಮೋನು ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಅಥವಾ ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಯ ಸೇವನೆಯ ಹಿನ್ನೆಲೆ ಇದ್ದರಂತೂ ತಡಮಾಡಬಾರದು.

ಮೊದಲು ಆಗಬೇಕಾದ ಕೆಲಸ ಬಯಾಪ್ಸಿ. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಒಳಪದರದ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರಿನ ಸಂಭವ ಬಹಳ ಕಡಿಮೆ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ರಕ್ತಸ್ರಾವ ಮರುಕಳಿಸಿದರೆ, ಒಳಪದರದ ಚೂರನ್ನು ತೆಗೆದು ಪರೀಕ್ಷಿಸಲೇಬೇಕು. ರಕ್ತ ಹೋಗುತ್ತಿದೆ, ವಯಸ್ಸೂ ಆಗಿದೆ, ಗರ್ಭಕೋಶವನ್ನೇ ತೆಗೆಸಿಬಿಡೋಣ ಎಂಬ ಅವಸರದ ನಿರ್ಧಾರವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಒಳಗೆ ಕ್ಯಾನ್ಸರ್ ಇದೆಯೆಂದು ತಿಳಿಯದೆ ಶಸ್ತ್ರಚಿಕಿತ್ಸೆ ಮಾಡಿದರೆ, ಕ್ಯಾನ್ಸರ್ ಹರಡಬಹುದಾದ ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್) ಪರೀಕ್ಷೆ ಬಿಟ್ಟುಹೋಗುತ್ತದೆ. ಚಿಕ್ಕ ರಂಧ್ರದ ಮೂಲಕ ಹೊರತೆಗೆಯಲೆಂದು ಹೊಟ್ಟೆಯೊಳಗೇ ಗರ್ಭಕೋಶವನ್ನು ತುಂಡರಿಸಿದರೆ ಕ್ಯಾನ್ಸರ್ ಕೋಶಗಳು ಸುತ್ತಲೂ ಚೆಲ್ಲಿ, ಗುಣವಾಗಬಹುದಾಗಿದ್ದ ರೋಗ ಕೈಮೀರಬಹುದು.

ಬಯಾಪ್ಸಿಯ ವರದಿ ಕೈಗೆ ಬಂದಾಗ ‘ಕ್ಯಾನ್ಸರ್’ ಎಂಬ ಪದದ ಹತ್ತಿರವೇ ಕಣ್ಣು ನಿಂತುಬಿಡುವುದು ಸಹಜ. ಆದರೆ ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸುವುದು ಅದರ ಮುಂದಿನ ಸಾಲುಗಳು. ಮೊದಲನೆಯದು ಗೆಡ್ಡೆಯ ಬಗೆ: ಎಂಡೋಮೆಟ್ರಿಯಾಯ್ಡ್ ಬಗೆಯೇ ಹೆಚ್ಚು, ಅದು ಸಾಮಾನ್ಯವಾಗಿ ನಿಧಾನಗತಿಯದು, ಸೀರಸ್, ಕ್ಲಿಯರ್ ಸೆಲ್ ಮತ್ತು ಕಾರ್ಸಿನೋಸಾರ್ಕೋಮಾ ಬಗೆಗಳು ವಿರಳವಾದರೂ ಬೇಗ ಹರಡುವಂಥವು. ಎರಡನೆಯದು 1ರಿಂದ 3ರವರೆಗಿನ ಗ್ರೇಡ್. ಸಂಖ್ಯೆ ಹೆಚ್ಚಿದಷ್ಟೂ ಕೋಶಗಳ ವರ್ತನೆ ಉಗ್ರ. ಗ್ರೇಡ್ ಬೇರೆ, ಹಂತ ಬೇರೆ ಎಂಬುದನ್ನು ನೆನಪಿಡಬೇಕು, ಏಕೆಂದರೆ ಇವೆರಡನ್ನು ಒಂದೇ ಎಂದುಕೊಂಡು ಹೆದರುವವರು ಬಹಳ. ‘ಗ್ರೇಡ್ 3’ ಎಂದರೆ ‘ಮೂರನೇ ಹಂತ’ ಅಲ್ಲ. ಹಂತವು ರೋಗ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಹೇಳುತ್ತದೆ: ಗರ್ಭಕೋಶದೊಳಗೇ ಇದ್ದರೆ ಒಂದು, ಗರ್ಭಕಂಠದ ಅಂಗಾಂಶಕ್ಕೆ ಇಳಿದರೆ ಎರಡು, ಅಂಡಾಶಯ, ಯೋನಿ ಅಥವಾ ದುಗ್ಧರಸ ಗ್ರಂಥಿಗಳನ್ನು ಮುಟ್ಟಿದರೆ ಮೂರು, ಮೂತ್ರಕೋಶ, ಕರುಳಿನ ಒಳಪೊರೆ ಅಥವಾ ದೂರದ ಅಂಗಗಳನ್ನು ತಲುಪಿದರೆ ನಾಲ್ಕು.

ಈಗ ಇನ್ನೊಂದು ಸಾಲು ಸೇರಿದೆ, ಅದನ್ನು ಕೇಳಿ ಪಡೆಯಬೇಕು. 2013ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವು ಈ ಕ್ಯಾನ್ಸರಿನಲ್ಲಿ ನಾಲ್ಕು ಗುಂಪುಗಳಿವೆ ಎಂದು ತೋರಿಸಿತು. ಪಿಒಎಲ್‌ಇ ಎಂಬ ಜೀನಿನಲ್ಲಿ ರೋಗಕಾರಕ ಬದಲಾವಣೆ ಇರುವ ಗೆಡ್ಡೆ ಸೂಕ್ಷ್ಮದರ್ಶಕದಲ್ಲಿ ಉಗ್ರವಾಗಿ ಕಂಡರೂ ಆರಂಭದ ಹಂತಗಳಲ್ಲಿ ಮರುಕಳಿಸುವುದು ಬಲು ಅಪರೂಪ. ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಪ್ರೋಟೀನು ಅಸಹಜವಾಗಿದ್ದರೆ ಅಪಾಯ ಹೆಚ್ಚು. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಎಂಎಂಆರ್ ಪ್ರೋಟೀನುಗಳ ಕೊರತೆ ಇದ್ದರೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಚೆನ್ನಾಗಿ ಫಲಿಸುವ ಸಾಧ್ಯತೆ ಇದೆ, ಜೊತೆಗೆ ರೋಗ ವಂಶಪಾರಂಪರ್ಯವೇ ಎಂಬ ಪ್ರಶ್ನೆಯೂ ಏಳುತ್ತದೆ. ಇವು ಯಾವುವೂ ಇಲ್ಲದ್ದು ನಾಲ್ಕನೆಯ ಗುಂಪು, ಅದು ನಡುವಿನ ಸ್ವಭಾವದ್ದು. ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋದ, 2023ರಲ್ಲಿ ಪರಿಷ್ಕೃತವಾದ ಹಂತಪಟ್ಟಿಯಲ್ಲಿ ಈ ಮಾಹಿತಿಗೂ ಸ್ಥಾನ ಸಿಕ್ಕಿದೆ. ಆದ್ದರಿಂದ ಎಂಎಂಆರ್ ಮತ್ತು ಪಿ53 ಪರೀಕ್ಷೆ ಆಗಿದೆಯೇ, ಪಿಒಎಲ್‌ಇ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು.

ಬಹುಪಾಲು ಮಹಿಳೆಯರಿಗೆ ಚಿಕಿತ್ಸೆಯ ಮೊದಲ ಮೆಟ್ಟಿಲು ಶಸ್ತ್ರಚಿಕಿತ್ಸೆಯೇ. ಗರ್ಭಕೋಶ, ಗರ್ಭಕಂಠ, ಎರಡೂ ಅಂಡನಾಳಗಳು ಮತ್ತು ಅಂಡಾಶಯಗಳನ್ನು ತೆಗೆಯಲಾಗುತ್ತದೆ. ರೋಗ ಗರ್ಭಕೋಶದೊಳಗೇ ಇದೆಯೆಂದು ಕಂಡಾಗ, ಚಿಕ್ಕ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ಅಥವಾ ರೋಬೋಟ್ ನೆರವಿನ ವಿಧಾನ ಹೊಟ್ಟೆ ಕೊಯ್ಯುವ ವಿಧಾನದಷ್ಟೇ ಸುರಕ್ಷಿತವೆಂದು ದೊಡ್ಡ ಪ್ರಯೋಗಗಳು ತೋರಿಸಿವೆ. ನೋವು ಕಡಿಮೆ, ಚೇತರಿಕೆ ಬೇಗ. ಗರ್ಭಕಂಠದ ಕ್ಯಾನ್ಸರಿನಲ್ಲಿ ಇದೇ ವಿಧಾನದಿಂದ ಫಲಿತಾಂಶ ಕೆಟ್ಟಿತೆಂದು 2018ರಲ್ಲಿ ಬಂದ ಪ್ರಯೋಗದ ಸುದ್ದಿಯನ್ನು ಓದಿ ಗಾಬರಿಯಾಗುವವರಿದ್ದಾರೆ. ಅದು ಬೇರೆ ರೋಗ, ಆ ತೀರ್ಮಾನ ಇದಕ್ಕೆ ಅನ್ವಯಿಸುವುದಿಲ್ಲ. ದುಗ್ಧರಸ ಗ್ರಂಥಿಗಳನ್ನೆಲ್ಲ ಬಾಚಿ ತೆಗೆಯುವ ಬದಲು, ಗರ್ಭಕಂಠಕ್ಕೆ ಬಣ್ಣದ ದ್ರವವನ್ನು ಚುಚ್ಚಿ ಅದು ಮೊದಲು ತಲುಪುವ ಸೆಂಟಿನಲ್ ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುವ ಪದ್ಧತಿ ಈಗ ರೂಢಿಯಲ್ಲಿದೆ. ಇದರಿಂದ ಕಾಲು ಬಾವು ಬರುವ ಅಪಾಯ ಬಹಳಷ್ಟು ತಗ್ಗುತ್ತದೆ. ಸೀರಸ್‌ನಂಥ ಉಗ್ರ ಬಗೆಯಲ್ಲಿ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯ ಭಾಗವನ್ನೂ ಪರೀಕ್ಷೆಗೆ ತೆಗೆಯುತ್ತಾರೆ. ಮುಟ್ಟು ನಿಲ್ಲದ, ಕಡಿಮೆ ಗ್ರೇಡಿನ ಆರಂಭಿಕ ರೋಗವಿರುವ, ವಂಶದಲ್ಲಿ ಕ್ಯಾನ್ಸರ್ ದೋಷವಿಲ್ಲದ ಕಿರಿಯರಲ್ಲಿ ಅಂಡಾಶಯ ಉಳಿಸಬಹುದೇ ಎಂಬ ಚರ್ಚೆ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕು. ಸಾಧ್ಯವಿದ್ದಲ್ಲಿ ಸ್ತ್ರೀರೋಗ ಕ್ಯಾನ್ಸರಿನಲ್ಲೇ ವಿಶೇಷ ತರಬೇತಿ ಪಡೆದ ಶಸ್ತ್ರಚಿಕಿತ್ಸಕರನ್ನೇ ಆರಿಸಿಕೊಳ್ಳಬೇಕು. ಅದಕ್ಕಾಗಿ ಕೆಲವು ದಿನ ಕಾಯಬೇಕಾದರೂ ಅದು ವ್ಯರ್ಥವಲ್ಲ.

ಶಸ್ತ್ರಚಿಕಿತ್ಸೆಯ ನಂತರದ ವರದಿ ಬಂದಾಗ ಎರಡನೆಯ ನಿರ್ಧಾರದ ಹೊತ್ತು. ಗೆಡ್ಡೆ ಗರ್ಭಕೋಶದ ಸ್ನಾಯುವಿನ ಅರ್ಧಕ್ಕಿಂತ ಆಳಕ್ಕೆ ಇಳಿದಿದೆಯೇ, ಸೂಕ್ಷ್ಮ ರಕ್ತನಾಳಗಳೊಳಗೆ ಹೊಕ್ಕಿದೆಯೇ, ಗ್ರಂಥಿಗಳು ಶುದ್ಧವಾಗಿವೆಯೇ ಎಂಬುದು ಈಗ ಖಚಿತವಾಗಿ ತಿಳಿಯುತ್ತದೆ. ಕಡಿಮೆ ಅಪಾಯದವರಿಗೆ ಮುಂದೆ ಯಾವ ಚಿಕಿತ್ಸೆಯೂ ಬೇಡ. ‘ಏನೂ ಕೊಡುವುದಿಲ್ಲವೇ’ ಎಂದು ಆತಂಕಪಡುವ ಅಗತ್ಯವಿಲ್ಲ. ಮಧ್ಯಮ ಅಪಾಯವಿದ್ದರೆ ಬ್ರೇಕಿಥೆರಪಿ ಸಾಕಾಗುತ್ತದೆ: ಯೋನಿಯೊಳಗೆ ಕೊಳವೆಯಂಥ ಸಾಧನವನ್ನಿಟ್ಟು ಕೆಲವೇ ನಿಮಿಷ ವಿಕಿರಣ ಕೊಡುತ್ತಾರೆ, ಕೆಲವು ಬಾರಿಗೆ ಮುಗಿಯುತ್ತದೆ. ಅಪಾಯ ಹೆಚ್ಚಿದ್ದರೆ ಹೊರಗಿನಿಂದ ಇಡೀ ಕಿಬ್ಬೊಟ್ಟೆಗೆ ಸುಮಾರು 5 ವಾರ, ವಾರಕ್ಕೆ 5 ದಿನ ವಿಕಿರಣ ಬೇಕಾಗಬಹುದು; ಈ ಅವಧಿಯಲ್ಲಿ ಭೇದಿ, ಮೂತ್ರದ ಉರಿ, ದಣಿವು ಸಾಮಾನ್ಯ. ಮೂರನೇ ಹಂತದವರಿಗೆ, ಸೀರಸ್ ಬಗೆಯವರಿಗೆ ಮತ್ತು ಪಿ53 ಅಸಹಜವಾಗಿರುವವರಿಗೆ ವಿಕಿರಣದ ಜೊತೆ ಕೀಮೋಥೆರಪಿ ಸೇರಿಸುವುದರಿಂದ ಸ್ಪಷ್ಟ ಲಾಭವಿದೆ.

ಕೀಮೋಥೆರಪಿಯಲ್ಲಿ ಹೆಚ್ಚಾಗಿ ಬಳಸುವ ಜೋಡಿ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್, 3 ವಾರಕ್ಕೊಮ್ಮೆ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಬೆರಳ ತುದಿಗಳಲ್ಲಿ ಜೋಮು ಆರಂಭವಾದರೆ ಮುಂದಿನ ಡೋಸಿಗೆ ಮೊದಲೇ ಹೇಳಬೇಕು, ತಡವಾದರೆ ಅದು ಉಳಿದುಬಿಡಬಹುದು. ಚಿಕಿತ್ಸೆಯ ದಿನಗಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬಾರದು. ಬಿಳಿ ರಕ್ತಕಣ ಕುಸಿದಿರುವಾಗ ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು, ಆದ್ದರಿಂದ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ರೋಗ ಮುಂದುವರಿದವರಿಗೆ ಮತ್ತು ಮರುಕಳಿಸಿದವರಿಗೆ ಇತ್ತೀಚಿನ ವರ್ಷಗಳಲ್ಲಿ ನಿಜವಾದ ಬದಲಾವಣೆ ಬಂದಿದೆ. ಕೀಮೋಥೆರಪಿಯ ಜೊತೆ ಡೋಸ್ಟಾರ್ಲಿಮ್ಯಾಬ್ ಅಥವಾ ಪೆಂಬ್ರೋಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಸೇರಿಸಿದಾಗ ರೋಗ ಹತೋಟಿಯಲ್ಲಿರುವ ಅವಧಿ ಹೆಚ್ಚುತ್ತದೆ ಎಂದು 2023ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ತೋರಿಸಿದವು. ಎಂಎಂಆರ್ ಕೊರತೆ ಇರುವವರಲ್ಲಿ ಲಾಭ ಬಹಳ ದೊಡ್ಡದು. ಕೀಮೋಥೆರಪಿಯ ನಂತರ ರೋಗ ಮರಳಿದ, ಎಂಎಂಆರ್ ಸರಿಯಾಗಿರುವವರಿಗೆ ಪೆಂಬ್ರೋಲಿಜುಮ್ಯಾಬ್ ಜೊತೆ ಲೆನ್ವಾಟಿನಿಬ್ ಮಾತ್ರೆ ಒಂದು ಆಯ್ಕೆ. ಅದರಲ್ಲಿ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಹರ್2 ಎಂಬ ಪ್ರೋಟೀನು ಹೆಚ್ಚಿರುವ ಸೀರಸ್ ಗೆಡ್ಡೆಗೆ ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧವನ್ನು ಸೇರಿಸಬಹುದು. ನಿಧಾನವಾಗಿ ಬೆಳೆಯುವ, ಹಾರ್ಮೋನು ಗ್ರಾಹಕಗಳಿರುವ ರೋಗಕ್ಕೆ, ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಪ್ರೊಜೆಸ್ಟಿನ್ ಮಾತ್ರೆಗಳಿವೆ.

ಮಕ್ಕಳಾಗಬೇಕೆಂಬ ಆಸೆಯಿರುವ ಕಿರಿಯರಿಗೆ ಗರ್ಭಕೋಶ ಉಳಿಸುವ ದಾರಿಯೂ ಇದೆ, ಆದರೆ ಅದು ಕಿರಿದು. ಗ್ರೇಡ್ 1ರ ಎಂಡೋಮೆಟ್ರಿಯಾಯ್ಡ್ ಗೆಡ್ಡೆ ಒಳಪದರದಲ್ಲೇ ಇದ್ದು, ಎಂಆರ್‌ಐನಲ್ಲಿ ಸ್ನಾಯುವಿಗೆ ಇಳಿದಿಲ್ಲವೆಂದು ಕಂಡರೆ ಪ್ರೊಜೆಸ್ಟಿನ್ ಮಾತ್ರೆ ಅಥವಾ ಲೆವೊನೋರ್ಜೆಸ್ಟ್ರೆಲ್ ಬಿಡುಗಡೆ ಮಾಡುವ ಗರ್ಭಕೋಶದ ಸಾಧನವನ್ನು ಬಳಸಿ, 3ರಿಂದ 6 ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತಾರೆ. ಅನೇಕರಲ್ಲಿ ಗೆಡ್ಡೆ ಮಾಯವಾಗುತ್ತದೆ, ಆದರೆ ಮರಳುವುದೂ ಅಪರೂಪವಲ್ಲ; ಹೆರಿಗೆಗಳು ಮುಗಿದ ಮೇಲೆ ಗರ್ಭಕೋಶ ತೆಗೆಸಿಕೊಳ್ಳುವಂತೆ ಸಲಹೆ ನೀಡುವುದು ಅದಕ್ಕಾಗಿಯೇ. ಹೃದಯರೋಗ ಮುಂತಾದ ಕಾರಣಗಳಿಂದ ಅರಿವಳಿಕೆ ತಾಳಲಾರದವರಿಗೆ ವಿಕಿರಣ ಚಿಕಿತ್ಸೆಯೊಂದನ್ನೇ ಕೊಡುವುದುಂಟು.

ಚಿಕಿತ್ಸೆ ಮುಗಿದ ಮೇಲೆ ಮೊದಲ 2-3 ವರ್ಷ 3ರಿಂದ 6 ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ, ಏಕೆಂದರೆ ಮರುಕಳಿಕೆಗಳಲ್ಲಿ ಹೆಚ್ಚಿನವು ಆ ಅವಧಿಯಲ್ಲೇ ಆಗುತ್ತವೆ. ಮತ್ತೆ ರಕ್ತ ಕಂಡರೆ, ಕಿಬ್ಬೊಟ್ಟೆ ಅಥವಾ ಬೆನ್ನಿನ ನೋವು ಹೋಗದಿದ್ದರೆ, ಒಂದು ಕಾಲು ಊದಿದರೆ ಮುಂದಿನ ದಿನಾಂಕಕ್ಕೆ ಕಾಯದೆ ಹೋಗಬೇಕು. ವಿಕಿರಣದಿಂದ ಯೋನಿ ಒಣಗಿ ಕಿರಿದಾಗುವುದನ್ನು ತಡೆಯಲು ಡೈಲೇಟರ್ ಎಂಬ, ಯೋನಿಯೊಳಗೆ ಇಡುವ ನಯವಾದ ಸಾಧನದ ಬಳಕೆಯನ್ನು ಕಲಿಸಿಕೊಡುತ್ತಾರೆ. ನಾಚಿಕೆಯಿಂದ ಈ ಮಾತನ್ನು ಎತ್ತದೆ ವರ್ಷಗಟ್ಟಲೆ ನೋವು ನುಂಗುವವರನ್ನು ನೆನೆದು ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಎಂಎಂಆರ್ ಕೊರತೆ ಕಂಡು, ರಕ್ತ ಪರೀಕ್ಷೆಯಲ್ಲಿ ವಂಶಪಾರಂಪರ್ಯವಾಗಿ ಬರುವ ಲಿಂಚ್ ಸಿಂಡ್ರೋಮ್ ಖಚಿತವಾದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯವೂ ಹೆಚ್ಚಿರುತ್ತದೆ. ಆಗ ನಿಮಗೆ ನಿಯಮಿತವಾಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಬೇಕು. ಅಕ್ಕತಂಗಿ, ಅಣ್ಣತಮ್ಮ ಮತ್ತು ಮಕ್ಕಳು ಜೆನೆಟಿಕ್ ಸಲಹೆಗಾರರನ್ನು ಕಾಣುವಾಗ ಜೊತೆಗೆ ಒಯ್ಯಲು ನಿಮ್ಮ ವರದಿಯ ಪ್ರತಿಯನ್ನು ಅವರಿಗೆ ಕೊಡಬೇಕು.